ಆಪಾ ಅವರ ಹಳೆಯ ಲ್ಯಾಪ್‌ಟಾಪಿಗೆ ಯಾವ ಆಪರೇಟಿಂಗ್ ಸಿಸ್ಟಂ?

ನಮ್ಮ ಆಪಾ ಮದುವೆಗಳಲ್ಲಿ ಫೋಟೋ ತೆಗೆಯುತ್ತಾರೆ. ಇಡೀ ಮದುವೆಯದಲ್ಲ, ಹೆಂಗಸರ ಕಡೆಯದು ಮಾತ್ರ. ನಮ್ಮಲ್ಲಿ ಎಷ್ಟೋ ಮನೆಯವರು ಹೆಂಗಸರ ಕಡೆಗೆ ಗಂಡಸು ಫೋಟೋಗ್ರಾಫರ್ ಬರುವುದನ್ನು ಒಪ್ಪುವುದಿಲ್ಲ. ಹಾಗಾಗಿ ಬಿ.ಕಾಂ. ಮುಗಿಸಿದ ಮೇಲೆ ಆಪಾ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡು ಈ ಕೆಲಸ ಶುರು ಮಾಡಿದರು. ಲ್ಯಾಪ್‌ಟಾಪ್ ಮಾತ್ರ ಮಾಮು ಬಳಸಿ ಬಿಟ್ಟದ್ದು, 2016ರದು.

ಕಳೆದ ನವೆಂಬರಿನಲ್ಲಿ ಒಂದು ನಿಕಾಹ್ ಮುಗಿಸಿ ಬಂದ ಮರುದಿನ ಆಪಾ ಲ್ಯಾಪ್‌ಟಾಪ್ ಆನ್ ಮಾಡಿದರು. ಅದು ಪೂರ್ತಿ ಏಳಲು ಏಳು ನಿಮಿಷ ತೆಗೆದುಕೊಂಡಿತು. ಎದ್ದ ಮೇಲೆ ಪರದೆಯ ಮೇಲೆ ಒಂದು ಸೂಚನೆ: ವಿಂಡೋಸ್ 10ಕ್ಕೆ ಬೆಂಬಲ ಮುಗಿದಿದೆ. ಅದೇ ಹೊತ್ತಿಗೆ ವಧುವಿನ ತಾಯಿಯ ಫೋನ್ ಬಂತು. "ಬೇಟಿ, ಫೋಟೋಗಳು ನಿನ್ನ ಹತ್ತಿರವೇ ಇರಲಿ. ಬೇರೆ ಯಾರ ಕೈಗೂ ಹೋಗಬಾರದು" ಎಂದರು. ಆಪಾ "ಇಲ್ಲ ಖಾಲಾ, ಅದು ಅಮಾನತ್" ಎಂದು ಹೇಳಿ ಫೋನ್ ಇಟ್ಟರು.

ಸಂಜೆ ನಾನೂ ಆಪಾ ಅವರೂ ಲ್ಯಾಪ್‌ಟಾಪ್ ಹಿಡಿದುಕೊಂಡು ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವರು ಒಳ್ಳೆಯವರೇ. "ಬಿಟ್ಟು ಹೋಗಿ, ಎರಡು ದಿನದಲ್ಲಿ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಕೊಡುತ್ತೇವೆ. ಪಾಸ್‌ವರ್ಡ್ ಬರೆದುಕೊಡಿ" ಎಂದರು. ಆಪಾ ಒಂದು ಕ್ಷಣ ನಿಂತು, ಲ್ಯಾಪ್‌ಟಾಪನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡು ಹೊರಗೆ ಬಂದರು. ದಾರಿಯಲ್ಲಿ ನನಗೆ ಹೇಳಿದ್ದು ಒಂದೇ ಮಾತು: "ನೀನೇ ಕಲಿತು ಮಾಡು. ಆದರೆ ನೀನೂ ಫೋಟೋ ತೆರೆಯಬಾರದು."

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಕಂಪ್ಯೂಟರ್ ಪಂಡಿತನಲ್ಲ. ನಮ್ಮ ಕಾಲೇಜಿನ ಅನೇಕರ ಮನೆಯಲ್ಲಿ ಇಂಥದೇ ಹಳೆಯ ಲ್ಯಾಪ್‌ಟಾಪ್ ಇರುವುದರಿಂದ, ನಾನು ಕಲಿತದ್ದನ್ನು, ಮಾಡಿದ ಒಂದು ತಪ್ಪನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಪಟ್ಟಿ

ಆಪರೇಟಿಂಗ್ ಸಿಸ್ಟಂ ಎಂದರೇನು ಎಂದು ಅಮ್ಮಿ ಕೇಳಿದಾಗ ನನಗೆ ನೆನಪಾದದ್ದು ಅಬ್ಬಾ ಅವರ ಹೊಲಿಗೆ ಅಂಗಡಿ. ಅಂಗಡಿಯಲ್ಲಿ ಕಪಾಟು ಇದೆ, ಕತ್ತರಿಸುವ ಮೇಜು ಇದೆ, ಮಷೀನುಗಳಿವೆ, ಕೆಲಸಗಾರರಿದ್ದಾರೆ. ಯಾವ ಬಟ್ಟೆ ಯಾವಾಗ ಮೇಜಿಗೆ ಬರಬೇಕು, ಯಾವ ಮಷೀನಿನಲ್ಲಿ ಯಾರು ಕೂರಬೇಕು, ಬಾಗಿಲಲ್ಲಿ ಯಾರನ್ನು ಒಳಗೆ ಬಿಡಬೇಕು ಎಂದು ನೋಡಿಕೊಳ್ಳುವವರು ಅಬ್ಬಾ. ಲ್ಯಾಪ್‌ಟಾಪಿನಲ್ಲಿ ಆ ಯಜಮಾನಿಕೆ ಆಪರೇಟಿಂಗ್ ಸಿಸ್ಟಂನದು. ಹಾರ್ಡ್ ಡಿಸ್ಕ್ ಕಪಾಟು, ರ‍್ಯಾಮ್ ಮೇಜು, ಪ್ರೊಸೆಸರ್ ಮಷೀನು.

ನಾನು ಮೊದಲು ಮಾಡಿದ್ದು ಯೂಟ್ಯೂಬ್ ನೋಡುವುದು. ಅಲ್ಲಿ ಒಬ್ಬರು ಇದೇ ಒಳ್ಳೆಯದು ಎಂದರೆ ಇನ್ನೊಬ್ಬರು ಅದೇ ಒಳ್ಳೆಯದು ಎನ್ನುತ್ತಾರೆ. ಎರಡು ರಾತ್ರಿ ಹಾಳಾಯಿತು. ಆಮೇಲೆ ನಮ್ಮ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರನ್ನು ಕೇಳಿದೆ. ಅವರು ಉತ್ತರ ಕೊಡುವ ಬದಲು ತಿರುಗಿ ಪ್ರಶ್ನೆ ಕೇಳಿದರು: "ಆ ಲ್ಯಾಪ್‌ಟಾಪಿನಲ್ಲಿ ಏನೇನು ಕೆಲಸ ಆಗಬೇಕು? ಬರೆದುಕೊಂಡು ಬಾ."

ಆಪಾ ಜೊತೆ ಕೂತು ಪಟ್ಟಿ ಮಾಡಿದೆ. ಕಾರ್ಡಿನಿಂದ ಫೋಟೋ ಇಳಿಸಿಕೊಳ್ಳುವುದು. ಸಾವಿರಾರು ಫೋಟೋಗಳಲ್ಲಿ ಒಳ್ಳೆಯದನ್ನು ಆರಿಸುವುದು. ರಾ ಫೈಲುಗಳ ಬೆಳಕು, ಬಣ್ಣ ಸರಿ ಮಾಡುವುದು. ಆಲ್ಬಮ್ ಪುಟ ಜೋಡಿಸುವುದು. ಮೊದಲ ಪುಟದಲ್ಲಿ ಹೆಸರುಗಳನ್ನು ಉರ್ದುವಿನಲ್ಲೂ ಕನ್ನಡದಲ್ಲೂ ಬರೆಯುವುದು. ಬ್ಯಾಕಪ್ ಇಡುವುದು. ಕೊನೆಯಲ್ಲಿ ನನ್ನದೊಂದು ಬೇಡಿಕೆ: ಟ್ಯಾಲಿ ಅಭ್ಯಾಸ.

ಎಲ್ಲಕ್ಕಿಂತ ಮೇಲೆ ಆಪಾ ತಾವೇ ಒಂದು ಸಾಲು ಬರೆದರು: "ಲ್ಯಾಪ್‌ಟಾಪ್ ಕಳೆದುಹೋದರೂ ಫೋಟೋ ಯಾರಿಗೂ ಕಾಣಬಾರದು." ಮುಂದಿನ ಎಲ್ಲ ತೀರ್ಮಾನಗಳೂ ಈ ಸಾಲಿನಿಂದಲೇ ಹೊರಟವು.

ನಿಧಾನಕ್ಕೆ ಕಾರಣ ಯಾರು?

ಆಪರೇಟಿಂಗ್ ಸಿಸ್ಟಂ ಬದಲಾಯಿಸಿದರೆ ಲ್ಯಾಪ್‌ಟಾಪ್ ಓಡುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಅದು ಅರ್ಧ ಮಾತ್ರ ಸತ್ಯ.

ನಮ್ಮ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ತಿರುಗುವ ಹಾರ್ಡ್ ಡಿಸ್ಕ್ ಮತ್ತು 4 ಜಿಬಿ ರ‍್ಯಾಮ್. ತಿರುಗುವ ಡಿಸ್ಕ್ ದೊಡ್ಡ ಫೈಲನ್ನು ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತದೆ. ಸಣ್ಣ ಸಣ್ಣ ಫೈಲುಗಳಾದರೆ ಅದರ ಓದುವ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡುವುದರಲ್ಲೇ ಸಮಯ ಹೋಗುತ್ತದೆ. ಸಾಟಾ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಸೆಕೆಂಡಿಗೆ ಸುಮಾರು 500 ಎಂಬಿ ಓದುತ್ತದೆ.

ರ‍್ಯಾಮ್ ಲೆಕ್ಕವನ್ನು ನಾವೇ ಮಾಡಿ ನೋಡಬಹುದು. ಮದುವೆ ಆಲ್ಬಮ್ಮಿನ ಎರಡು ಪುಟ ಬಿಚ್ಚಿದರೆ 12 ಇಂಚು ಎತ್ತರ, 36 ಇಂಚು ಅಗಲ. ಇಂಚಿಗೆ 300 ಚುಕ್ಕೆಯಂತೆ 3,600 ಗುಣಿಸು 10,800, ಅಂದರೆ ಸುಮಾರು 3 ಕೋಟಿ 89 ಲಕ್ಷ ಚುಕ್ಕೆಗಳು. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್ ಎಂದರೂ ಒಂದು ಪದರಕ್ಕೆ ಸುಮಾರು 117 ಎಂಬಿ. ಆಪಾ ಒಂದು ಪುಟಕ್ಕೆ ಹತ್ತು ಪದರ ಹಾಕುತ್ತಾರೆ. ಆಗಲೇ 1 ಜಿಬಿ ದಾಟಿತು. ಮೇಜು ಚಿಕ್ಕದಾದರೆ ಅಬ್ಬಾ ಏನು ಮಾಡುತ್ತಾರೆ? ಒಂದು ಬಟ್ಟೆ ಮಡಚಿ ಕಪಾಟಿಗೆ ಇಟ್ಟು ಇನ್ನೊಂದನ್ನು ತೆಗೆಯುತ್ತಾರೆ. ಲ್ಯಾಪ್‌ಟಾಪ್ ಸಹ ಅದನ್ನೇ ಮಾಡುತ್ತದೆ. ಕಪಾಟು ನಿಧಾನದ್ದಾದರೆ ಇಡೀ ಅಂಗಡಿಯೇ ನಿಲ್ಲುತ್ತದೆ.

ಹಾಗಾಗಿ ಮೊದಲ ಖರ್ಚು ಸಾಫ್ಟ್‌ವೇರಿಗಲ್ಲ. ಮಾಮು ಬೆಂಗಳೂರಿಗೆ ಹೋಗುವಾಗ ಜೊತೆಗೆ ಹೋಗಿ, ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿ, 480 ಜಿಬಿ ಎಸ್‌ಎಸ್‌ಡಿ, 8 ಜಿಬಿಯ ಸೆಕೆಂಡ್ ಹ್ಯಾಂಡ್ ರ‍್ಯಾಮ್, ಮತ್ತು ಡಿವಿಡಿ ಡ್ರೈವ್ ತೆಗೆದ ಜಾಗದಲ್ಲಿ ಹಳೆಯ ಹಾರ್ಡ್ ಡಿಸ್ಕ್ ಕೂರಿಸುವ ಕ್ಯಾಡಿ ತಂದೆವು. ಒಟ್ಟು ₹5,600 ಆಯಿತು. ಹೊಸ ಲ್ಯಾಪ್‌ಟಾಪಿಗೆ ನಮಗೆ ಹೇಳಿದ ಬೆಲೆ ₹58,000. ರ‍್ಯಾಮ್ ಬೆಲೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ನೀವು ಕೊಳ್ಳುವ ದಿನ ಕೇಳಿ ನೋಡಿ. ನಮ್ಮ ಪಠ್ಯದಲ್ಲಿ ಸವಕಳಿ ಎಂಬ ಪಾಠವಿದೆ. ಪುಸ್ತಕದಲ್ಲಿ ಆಸ್ತಿಯ ಬೆಲೆ ಸೊನ್ನೆಗೆ ಬಂದರೂ ಆಸ್ತಿ ಕೆಲಸ ಮಾಡುವುದನ್ನು ನಿಲ್ಲಿಸಬೇಕಿಲ್ಲ ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ಆ ದಿನ.

ಅಪ್‌ಡೇಟ್ ಎಂದರೆ ಬೀಗ

"ವಿಂಡೋಸ್ 10 ಈಗಲೂ ನಡೆಯುತ್ತಿದೆಯಲ್ಲ, ಬದಲಾಯಿಸುವುದು ಏಕೆ?" ಎಂದು ಅಬ್ಬಾ ಕೇಳಿದರು. ಪ್ರಶ್ನೆ ಸರಿಯಾದದ್ದೇ.

ವಿಂಡೋಸ್ 10 ಬಿಡುಗಡೆಯಾದದ್ದು 2015ರ ಜುಲೈ 29ರಂದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ಮುಗಿಸಿತು. ಬೆಂಬಲ ಮುಗಿದ ದಿನ ಲ್ಯಾಪ್‌ಟಾಪ್ ನಿಲ್ಲುವುದಿಲ್ಲ. ಆದರೆ ಪ್ರತಿಯೊಂದು ಆಪರೇಟಿಂಗ್ ಸಿಸ್ಟಂನಲ್ಲೂ ಆಗಾಗ ಹೊಸ ದೋಷಗಳು ಪತ್ತೆಯಾಗುತ್ತಿರುತ್ತವೆ, ಕಳ್ಳರು ಒಳಗೆ ಬರುವುದು ಅವುಗಳ ಮೂಲಕ. ಅಪ್‌ಡೇಟ್ ಎಂದರೆ ಆ ಬಾಗಿಲಿಗೆ ಹಾಕುವ ಹೊಸ ಬೀಗ. ಅಪ್‌ಡೇಟ್ ನಿಂತರೆ ಬಾಗಿಲು ಅಲ್ಲೇ ಇರುತ್ತದೆ, ಬೀಗ ಮಾತ್ರ ಬರುವುದಿಲ್ಲ. ಪಾಠದ ಟಿಪ್ಪಣಿ ಮಾತ್ರ ಇರುವ ಲ್ಯಾಪ್‌ಟಾಪಿನಲ್ಲಿ ಇದು ಸಣ್ಣ ಅಪಾಯ. ಬೇರೆಯವರ ಮನೆಯ ಹೆಣ್ಣುಮಕ್ಕಳ ಸಾವಿರಾರು ಫೋಟೋ ಇರುವ ಲ್ಯಾಪ್‌ಟಾಪಿನಲ್ಲಿ ಅದು ಸಣ್ಣದಲ್ಲ.

ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಆಪಾ ಬಳಸುತ್ತಿದ್ದ ಫೋಟೋ ಸಾಫ್ಟ್‌ವೇರ್ ಹಣ ಕೊಟ್ಟು ಕೊಂಡದ್ದಲ್ಲ. ಯಾರೋ ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಟ್ಟ ಕ್ರ್ಯಾಕ್ ಕಾಪಿ. ಅದನ್ನು ಹಾಕುವಾಗ ಅವರು ಆಂಟಿವೈರಸ್ ಆಫ್ ಮಾಡಿದ್ದರು, ಆಮೇಲೆ ಯಾರೂ ಆನ್ ಮಾಡಿರಲಿಲ್ಲ. ಮುಂಬಾಗಿಲಿಗೆ ಬೀಗ ಹಾಕುವ ಮಾತಾಡುತ್ತಾ ಹಿಂಬಾಗಿಲನ್ನು ನಾವೇ ತೆರೆದಿಟ್ಟಿದ್ದೆವು. "ಇನ್ನೊಬ್ಬರ ದುಡಿಮೆಯನ್ನು ಕೇಳದೆ ತೆಗೆದುಕೊಂಡು ನಾನು ಅಮಾನತ್ ಎಂದು ಹೇಳುತ್ತಿದ್ದೆ" ಎಂದು ಆಪಾ ಆ ರಾತ್ರಿ ಹೇಳಿದರು. ಆ ಮೇಲೆ ಆಯ್ಕೆ ಸ್ವಲ್ಪ ಸುಲಭವಾಯಿತು.

ನಮ್ಮ ಮುಂದಿದ್ದ ನಾಲ್ಕು ದಾರಿ

ಮೊದಲನೆಯದು, ವಿಂಡೋಸ್ 10ರಲ್ಲೇ ಇರುವುದು. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಮಾಡಿದೆ. 30 ಡಾಲರ್ ಕೊಡಬಹುದು, ಇಲ್ಲವೇ ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡರೆ ಹಣ ಕೊಡದೆ ಸೇರಬಹುದು. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ಇದಕ್ಕೆ ಕೊಂಡಿ ಇರುತ್ತದೆ. ಪರೀಕ್ಷೆ ಹತ್ತಿರವಿದ್ದು ಈಗ ಏನನ್ನೂ ಬದಲಾಯಿಸಲು ಆಗದವರಿಗೆ ಇದು ಒಳ್ಳೆಯ ದಾರಿ. ಆದರೆ ಇದು ಸಾಲದ ಕಂತನ್ನು ಮುಂದೂಡಿದ ಹಾಗೆ. ತೀರಿಸುವ ದಿನ ಬಂದೇ ಬರುತ್ತದೆ.

ಎರಡನೆಯದು, ವಿಂಡೋಸ್ 11. ಇದು 2021ರ ಅಕ್ಟೋಬರ್ 5ರಂದು ಬಂತು. ಇದಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಸಾಕು ಎನ್ನುತ್ತಾರೆ. ತೊಡಕಿರುವುದು ಬೇರೆ ಕಡೆ. ಟಿಪಿಎಂ 2.0 ಎಂಬ ಭದ್ರತಾ ಭಾಗ ಇರಬೇಕು, ಪ್ರೊಸೆಸರ್ ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ಪೀಳಿಗೆ ಅಥವಾ ಅದರ ನಂತರದ್ದು ಆಗಿರಬೇಕು. ನಿಮ್ಮದು ಯಾವುದು ಎಂದು ತಿಳಿಯಲು ಪ್ರೊಸೆಸರ್ ಹೆಸರಿನಲ್ಲಿ ಐ3, ಐ5, ಐ7ರ ನಂತರದ ಸಂಖ್ಯೆ ನೋಡಿ. 6200 ಎಂದಿದ್ದರೆ 6ನೇ ಪೀಳಿಗೆ, 8250 ಎಂದಿದ್ದರೆ 8ನೆಯದು. ನಮ್ಮದು 6200. ನಿಯಮ ತಪ್ಪಿಸಿ ಹಾಕುವ ಉಪಾಯಗಳೂ ಇವೆ, ಆದರೆ ಹಾಗೆ ಹಾಕಿದ ಲ್ಯಾಪ್‌ಟಾಪಿಗೆ ಅಪ್‌ಡೇಟ್ ಸಿಗುವ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ಬೀಗಕ್ಕಾಗಿ ಮನೆ ಬದಲಾಯಿಸಿ, ಅಲ್ಲೂ ಬೀಗದ ಖಾತ್ರಿ ಇಲ್ಲದಿದ್ದರೆ ಪ್ರಯೋಜನವೇನು?

ಮೂರನೆಯದು, ಗೂಗಲ್ಲಿನ ಕ್ರೋಮ್ ಓಎಸ್ ಫ್ಲೆಕ್ಸ್. ಹಳೆಯ ಲ್ಯಾಪ್‌ಟಾಪಿಗೆ ಹಗುರ, ಉಚಿತ. ಬ್ರೌಸರಿನಲ್ಲೇ ಎಲ್ಲ ಕೆಲಸ ಮಾಡುವವರಿಗೆ ಸಾಕು. ನಮ್ಮ ಪಟ್ಟಿಗೆ ಅದು ಹೊಂದಲಿಲ್ಲ. ಫೋಟೋಗಳನ್ನು ಇಂಟರ್ನೆಟ್ಟಿಗೆ ಏರಿಸಿ ಕೆಲಸ ಮಾಡುವುದು ಆಪಾ ಅವರಿಗೆ ಬೇಡವಾಗಿತ್ತು.

ನಾಲ್ಕನೆಯದು, ಲಿನಕ್ಸ್. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರು ಮಾಡಿದ್ದು. ಈಗ ಅದಕ್ಕೆ ಹಲವು ರೂಪಗಳಿವೆ. ನಮ್ಮ ಉಪನ್ಯಾಸಕರು ಸೂಚಿಸಿದ್ದು ಲಿನಕ್ಸ್ ಮಿಂಟ್. ಕಾರಣ, ಅದರ ಮುಖ ವಿಂಡೋಸಿನ ಹಾಗೇ ಇದೆ: ಕೆಳಗೆ ಪಟ್ಟಿ, ಎಡಕ್ಕೆ ಮೆನು. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಇದ್ದರೆ ಆರಾಮ. ಬೆಲೆ ಇಲ್ಲ. ಇನ್ನೊಂದು ಮುಖ್ಯ ವಿಷಯ, ಇನ್‌ಸ್ಟಾಲ್ ಮಾಡುವಾಗಲೇ ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿ ಬರೆದಿಡುವ ಆಯ್ಕೆ ಅದರಲ್ಲಿದೆ. ಹಾಗೆ ಮಾಡಿದರೆ ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿದರೂ ಪಾಸ್‌ವರ್ಡ್ ಇಲ್ಲದೆ ಏನೂ ಕಾಣುವುದಿಲ್ಲ. ಇದು ಆಪಾ ಬರೆದ ಸಾಲಿಗೆ ಸಿಕ್ಕ ಉತ್ತರ. ಆದರೆ ಪಾಸ್‌ವರ್ಡ್ ಮರೆತರೆ ಮಾಲೀಕರಿಗೂ ಕಾಣುವುದಿಲ್ಲ, ಇದನ್ನು ನೆನಪಿಡಿ.

ಲಿನಕ್ಸಿನ ಕೊರತೆಯನ್ನೂ ಹೇಳಬೇಕು. ಅಡೋಬಿಯ ಫೋಟೋಶಾಪ್ ಮತ್ತು ಲೈಟ್‌ರೂಮ್ ಲಿನಕ್ಸಿಗೆ ಬರುವುದಿಲ್ಲ. ಹಣ ಕೊಟ್ಟು ಅವನ್ನು ಬಳಸುತ್ತಿರುವವರು, ಸ್ಟುಡಿಯೋಗಳ ಜೊತೆ ಪಿಎಸ್‌ಡಿ ಫೈಲುಗಳನ್ನು ಕೊಟ್ಟು ತೆಗೆದುಕೊಳ್ಳುವವರು ವಿಂಡೋಸಿನಲ್ಲೇ ಇರುವುದು ಒಳ್ಳೆಯದು. ಟ್ಯಾಲಿ ಕೂಡ ವಿಂಡೋಸಿನದು.

ಪೆನ್‌ಡ್ರೈವಿನಿಂದ ನಾಲ್ಕು ಸಂಜೆ

ಲಿನಕ್ಸಿನಲ್ಲಿ ಒಂದು ಸೌಲಭ್ಯವಿದೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಹುಡುಗಿ ನೋಡುವ ಶಾಸ್ತ್ರ ಎಂದು ಮಾಮು ನಕ್ಕರು. ಮಿಂಟಿನ ಫೈಲ್ ಸುಮಾರು 3 ಜಿಬಿ. ಅದನ್ನು 8 ಜಿಬಿ ಪೆನ್‌ಡ್ರೈವಿಗೆ ಹಾಕಿ, ಹೊಸ ರ‍್ಯಾಮ್ ಕೂರಿಸಿ, ನಾಲ್ಕು ಸಂಜೆ ನಡೆಸಿದೆವು. ಹಾರ್ಡ್ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಆದರೆ ಆಫ್ ಮಾಡಿದರೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಪ್ರತಿ ಸಂಜೆ ಮೊಬೈಲ್ ಹಾಟ್‌ಸ್ಪಾಟಿನಿಂದ ಸಾಫ್ಟ್‌ವೇರ್ ಮತ್ತೆ ಇಳಿಸಬೇಕಾಯಿತು. ವೈಫೈ ನಡೆಯುತ್ತದೆಯೇ, ಕಾರ್ಡ್ ರೀಡರ್ ಓದುತ್ತದೆಯೇ, ಕ್ಯಾಮೆರಾದ ಫೈಲ್ ತೆರೆಯುತ್ತದೆಯೇ, ಪರದೆಯ ಬೆಳಕು ಹೆಚ್ಚು ಕಡಿಮೆಯಾಗುತ್ತದೆಯೇ ಎಂದು ಒಂದೊಂದಾಗಿ ಗುರುತು ಹಾಕಿದೆವು. ಎಲ್ಲವೂ ನಡೆಯಿತು.

ಪರೀಕ್ಷೆಗೆ ಬಳಸಿದ್ದು ನಾನು ತೆಗೆದ ಫೋಟೋಗಳು: ಅಬ್ಬಾ ಅವರ ಅಂಗಡಿ, ಮಾಳಿಗೆಯ ಮೇಲಿನ ಬೆಕ್ಕು, ಮಳೆ ನಿಂತ ಬೀದಿ.

ರಾ ಫೈಲ್ ಎಂದರೇನು ಎಂದು ನನಗೆ ಆಗ ಗೊತ್ತಾಯಿತು. ಜೆಪೆಗ್ ಹೊಲಿದು ಮುಗಿಸಿದ ಅಂಗಿ. ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಮಾಡಬಹುದು, ಅಷ್ಟೇ. ರಾ ಎಂದರೆ ಥಾನಿನಲ್ಲಿರುವ ಬಟ್ಟೆ. ಜೆಪೆಗ್ಗಿನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾ ಫೈಲಿನಲ್ಲಿ 16,384. ಹಾಲಿನ ಮಂದ ಬೆಳಕಿನಲ್ಲಿ ಕಪ್ಪಾದ ಮುಖವನ್ನು ಆಮೇಲೆ ಬೆಳಗಿಸಲು ಆಗುವುದು ಈ ಮೆಟ್ಟಿಲುಗಳಿಂದ.

ರಾ ಫೈಲಿಗೆ ಲಿನಕ್ಸಿನಲ್ಲಿ ಡಾರ್ಕ್‌ಟೇಬಲ್, ರಾಥೆರಪಿ ಎಂಬ ಎರಡು ಉಚಿತ ಸಾಫ್ಟ್‌ವೇರ್‌ಗಳಿವೆ. ಸಾವಿರಾರು ಫೋಟೋ ಆರಿಸಿ ಜೋಡಿಸಲು ಡಿಜಿಕ್ಯಾಮ್ ಇದೆ. ಆಲ್ಬಮ್ ಪುಟಕ್ಕೆ ಗಿಂಪ್. ಆಪಾ ಡಾರ್ಕ್‌ಟೇಬಲ್ ಆರಿಸಿಕೊಂಡರು. ಅದು ಮೂಲ ಫೈಲನ್ನು ಮುಟ್ಟುವುದಿಲ್ಲ. ನೀವು ಮಾಡಿದ ಬದಲಾವಣೆಗಳನ್ನು ಪಕ್ಕದಲ್ಲಿ ಒಂದು ಚಿಕ್ಕ ಫೈಲಿನಲ್ಲಿ ಬರೆದಿಡುತ್ತದೆ. ಅಬ್ಬಾ ಬಟ್ಟೆಗೆ ಪಿನ್ ಮಾಡುವ ಅಳತೆ ಚೀಟಿಯ ಹಾಗೆ. ಚೀಟಿ ಹರಿದು ಹಾಕಿದರೆ ಬಟ್ಟೆ ಮೊದಲಿನಂತೆಯೇ ಇರುತ್ತದೆ. ಈ ಸಾಫ್ಟ್‌ವೇರ್ ವಿಂಡೋಸಿಗೂ ಸಿಗುತ್ತದೆ, ಆಪರೇಟಿಂಗ್ ಸಿಸ್ಟಂ ಬದಲಾಯಿಸದೆ ಕೂಡ ನೀವು ಕಲಿಯಬಹುದು.

ಅಕ್ಷರದ ವಿಷಯದಲ್ಲಿ ನನಗೆ ಭಯವಿತ್ತು. ಉರ್ದು ನಾವು ಇನ್‌ಪೇಜಿನಲ್ಲಿ ಮಾಡಿಸುತ್ತಿದ್ದೆವು, ಅದು ವಿಂಡೋಸಿನದು. ಆದರೆ ಗಿಂಪ್ ಯೂನಿಕೋಡ್ ಅಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ನೋಟೋ ನಸ್ತಾಲೀಖ್ ಎಂಬ ಉಚಿತ ಫಾಂಟಿನಲ್ಲಿ ಉರ್ದು ಬಂತು, ಕನ್ನಡದ ಒತ್ತಕ್ಷರಗಳೂ ಒಡೆಯದೆ ಬಂದವು. ಕೀಬೋರ್ಡ್ ಪಟ್ಟಿಯಲ್ಲಿ ನಮ್ಮ ಕಗಪ ವಿನ್ಯಾಸವೂ ಇದೆ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಫೈಲುಗಳಿದ್ದರೆ ಮಾತ್ರ ಅವನ್ನು ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು.

ಹೊಂದದೆ ಹೋದದ್ದು ಒಂದು. ಆಪಾ ಬಳಿಯಿದ್ದ ಪಿಎಸ್‌ಡಿ ಆಲ್ಬಮ್ ವಿನ್ಯಾಸಗಳು ಗಿಂಪಿನಲ್ಲಿ ತೆರೆದವು, ಆದರೆ ಅನೇಕ ಪದರಗಳ ಹೊಂದಾಣಿಕೆಗಳು ಬರಲಿಲ್ಲ. ಹೂವಿನ ಚೌಕಟ್ಟು ಒಂದು ಕಡೆ, ನೆರಳು ಒಂದು ಕಡೆ. ಆಪಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾದಾ ಆಲ್ಬಮ್ ಮಾಡೋಣ. ಫೋಟೋ ಚೆನ್ನಾಗಿದ್ದರೆ ಹೂವು ಯಾಕೆ?" ಎಂದರು.

ಎಣಿಕೆ ತಾಳೆಯಾಗಲಿಲ್ಲ

ಈಗ ನನ್ನ ತಪ್ಪು. ಹೊಸ ಡಿಸ್ಕ್ ಹಾಕುವ ಮೊದಲು ಫೋಟೋಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಬೇಕಿತ್ತು. ಆ ನಿಕಾಹ್‌ನದೇ ಸುಮಾರು 50 ಜಿಬಿ. ರಾತ್ರಿ ಹನ್ನೊಂದಕ್ಕೆ ಶುರು ಮಾಡಿದೆ. ನಡುವೆ ಒಂದೆರಡು ಬಾರಿ ಏನೋ ಸೂಚನೆ ಬಂತು. ನಿದ್ದೆಗಣ್ಣಿನಲ್ಲಿ ಓದದೆ "ಸ್ಕಿಪ್" ಒತ್ತಿದೆ. ಬೆಳಿಗ್ಗೆ ನೋಡಿದರೆ ಕೆಲಸ ಮುಗಿದಿತ್ತು. ಹಳೆಯ ಡಿಸ್ಕಿನಿಂದ ಫೋಟೋ ಅಳಿಸುವುದೊಂದೇ ಬಾಕಿ.

ಆಗ ಅಕೌಂಟೆನ್ಸಿ ತರಗತಿ ನೆನಪಾಯಿತು. ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡದೆ ಮುಂದಿನ ಪುಟಕ್ಕೆ ಹೋದರೆ ನಮ್ಮ ಉಪನ್ಯಾಸಕರು ಬಿಡುವುದಿಲ್ಲ. ಫೋಟೋ ತೆರೆಯುವ ಹಾಗಿಲ್ಲ, ಆದರೆ ಎಣಿಸಲು ಅಡ್ಡಿಯಿಲ್ಲವಲ್ಲ. ಹಳೆಯ ಫೋಲ್ಡರಿನಲ್ಲಿ 1,842 ಫೈಲ್. ಹೊಸದರಲ್ಲಿ 1,839.

ಮೂರು ಕಡಿಮೆ. ಹೆಸರುಗಳ ಪಟ್ಟಿ ಹೋಲಿಸಿ ಯಾವ ಮೂರು ಎಂದು ಹುಡುಕಿದೆ. ಮತ್ತೆ ನಕಲು ಮಾಡಲು ಹೋದರೆ ಅದೇ ಸೂಚನೆ. ಡಿಸ್ಕಿನ ಆ ಭಾಗ ಕೆಟ್ಟಿತ್ತು, ಓದಲು ಬರುತ್ತಿರಲಿಲ್ಲ. ಅದು ಶನಿವಾರ. ಭಾನುವಾರ ಆಪಾ ಅವರಿಗೆ ಇನ್ನೊಂದು ವಲೀಮಾ ಇತ್ತು, ಆ ಸಂಜೆ ಅವರು ಕ್ಯಾಮೆರಾದ ಕಾರ್ಡ್ ಖಾಲಿ ಮಾಡುವವರಿದ್ದರು. ನಾನು ಓಡಿಹೋಗಿ ಹೇಳಿದೆ. ಕಾರ್ಡ್ ಇನ್ನೂ ಫಾರ್ಮ್ಯಾಟ್ ಆಗಿರಲಿಲ್ಲ. ಮೂರೂ ಸಿಕ್ಕವು. ಅದರಲ್ಲಿ ಏನಿತ್ತು ಎಂದು ನಾನು ಕೇಳಲಿಲ್ಲ. ತೆರೆದು ನೋಡಿದ ಮೇಲೆ ಆಪಾ ಎರಡು ನಿಮಿಷ ಮಾತಾಡಲಿಲ್ಲ, ಆಮೇಲೆ ಹೊಸ ಕಾರ್ಡ್ ಕೊಳ್ಳಲು ದುಡ್ಡು ಕೊಟ್ಟು ಕಳಿಸಿದರು.

ಅಂದಿನಿಂದ ನಮ್ಮ ಮನೆಯ ನಿಯಮ: ನಕಲು ಎರಡು ಕಡೆ ಇರಬೇಕು, ಎಣಿಕೆ ತಾಳೆಯಾಗಬೇಕು, ಆಮೇಲೆಯೇ ಅಳಿಸಬೇಕು. ಯಾವ ಆಪರೇಟಿಂಗ್ ಸಿಸ್ಟಂ ಆದರೂ ಇದಕ್ಕೆ ಬದಲಿಯಿಲ್ಲ.

ಈಗ ಹೇಗಿದೆ

ಎಸ್‌ಎಸ್‌ಡಿಯಲ್ಲಿ ಮಿಂಟ್ ಹಾಕಿ, ಇಡೀ ಡಿಸ್ಕಿಗೆ ಗೂಢಲಿಪಿ ಮಾಡಿದೆವು. ಹೊರಗಿನ ಬ್ಯಾಕಪ್ ಡಿಸ್ಕಿಗೂ ಹಾಗೆಯೇ, ಇಲ್ಲದಿದ್ದರೆ ಮನೆಗೆ ಬೀಗ ಹಾಕಿ ಚಾವಿಯನ್ನು ಕಿಟಕಿಯಲ್ಲಿಟ್ಟ ಹಾಗೆ. ಹಳೆಯ ಡಿಸ್ಕಿನಿಂದ ಫೋಟೋಗಳನ್ನೂ ಕ್ರ್ಯಾಕ್ ಕಾಪಿಯನ್ನೂ ಅಳಿಸಿದೆವು. ಬರೀ ಡಿಲೀಟ್ ಒತ್ತಿದರೆ ಸಾಲದು, ಅಂಥ ಫೈಲುಗಳನ್ನು ಮತ್ತೆ ತೆಗೆಯಲು ಬರುತ್ತದೆ. ಖಾಲಿ ಜಾಗದ ಮೇಲೆಲ್ಲ ಮತ್ತೆ ಬರೆಸಿ ಅಳಿಸುವ ವ್ಯವಸ್ಥೆ ವಿಂಡೋಸಿನಲ್ಲೇ ಇದೆ, ಉಪನ್ಯಾಸಕರು ತೋರಿಸಿಕೊಟ್ಟರು. ಕೆಟ್ಟ ಭಾಗವಿರುವ ಆ ಡಿಸ್ಕಿನಲ್ಲಿ ಈಗ ಯಾವ ಬೆಲೆಬಾಳುವ ವಸ್ತುವೂ ಇಲ್ಲ. ಅದು ಕ್ಯಾಡಿಯಲ್ಲಿ ಕೂತು ವಿಂಡೋಸ್ 10 ನಡೆಸುತ್ತದೆ, ಅದರಲ್ಲಿ ಇರುವುದು ನನ್ನ ಟ್ಯಾಲಿ ಮಾತ್ರ, ಇಂಟರ್ನೆಟ್ ಇಲ್ಲ. ಕ್ಯಾಡಿಯಿಂದ ಹೀಗೆ ಶುರುವಾಗುವುದು ಎಲ್ಲ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ ಎನ್ನಲು ಬರುವುದಿಲ್ಲ, ನಮ್ಮದರಲ್ಲಿ ನಡೆಯಿತು. ಎಜುಕೇಷನಲ್ ಮೋಡಿನ ಟ್ಯಾಲಿಯಲ್ಲಿ ತಿಂಗಳ ಕೆಲವೇ ದಿನಾಂಕಗಳಿಗೆ ಮಾತ್ರ ವೋಚರ್ ಹಾಕಬಹುದು ಎಂಬುದು ನಮ್ಮ ವಿಭಾಗದವರಿಗೆಲ್ಲ ಗೊತ್ತೇ ಇದೆ. ಹಾಗಾಗಿ ನನ್ನ ವ್ಯಾಪಾರವೆಲ್ಲ ತಿಂಗಳಿಗೆ ಕೆಲವೇ ದಿನ.

ಏಳು ನಿಮಿಷದ ಜಾಗದಲ್ಲಿ ಈಗ ಪಾಸ್‌ವರ್ಡ್ ಹೊಡೆಯುವುದೂ ಸೇರಿ ಮುಕ್ಕಾಲು ನಿಮಿಷ. ಆದರೆ ಎಲ್ಲವೂ ಲಾಭವಲ್ಲ. ಡಾರ್ಕ್‌ಟೇಬಲ್ ಕಲಿಯಲು ಆಪಾ ಅವರಿಗೆ ಆರು ವಾರ ಬೇಕಾಯಿತು. ಮೊದಲ ಆಲ್ಬಮ್ ಹತ್ತು ದಿನ ತಡವಾಯಿತು, ಕ್ಷಮೆ ಕೇಳಬೇಕಾಯಿತು. ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎನ್ನುತ್ತೇವಲ್ಲ, ಅದು ಇದೇ. ಉಚಿತ ಸಾಫ್ಟ್‌ವೇರಿನ ಬೆಲೆಯನ್ನು ಸಮಯದಲ್ಲಿ ಕೊಡಬೇಕಾಗುತ್ತದೆ. ಮೊದಲ ಪ್ರಿಂಟಿನಲ್ಲಿ ಮುಖಗಳು ಕಪ್ಪಾಗಿ ಬಂದವು, ಏಕೆಂದರೆ ನಮ್ಮ ಪರದೆಯ ಬೆಳಕು ಜಾಸ್ತಿ ಇತ್ತು. ಈಗ ಪರದೆಯ ಬೆಳಕು ಅರ್ಧಕ್ಕಿಟ್ಟು, ಎಸ್‌ಆರ್‌ಜಿಬಿಯಲ್ಲಿ ಫೋಟೋ ತೆಗೆದು, ಮೊದಲು ಒಂದನ್ನು ಪ್ರಿಂಟ್ ಮಾಡಿಸಿ ನೋಡಿ ಆಮೇಲೆ ಇಡೀ ಆಲ್ಬಮ್ ಕೊಡುತ್ತಾರೆ.

ನಿಮ್ಮ ಲ್ಯಾಪ್‌ಟಾಪಿಗೆ

ನಿಮ್ಮದು 8ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸದಾಗಿದ್ದು ಟಿಪಿಎಂ ಇದ್ದರೆ ವಿಂಡೋಸ್ 11 ಹಾಕಿಕೊಳ್ಳಿ, ತಲೆನೋವಿಲ್ಲ. ಹಣ ಕೊಟ್ಟ ಫೋಟೋಶಾಪೇ ನಿಮ್ಮ ಹೊಟ್ಟೆಪಾಡಾದರೆ ಲಿನಕ್ಸ್ ಬೇಡ. ಹಳೆಯದು, 8 ಜಿಬಿ ರ‍್ಯಾಮ್ ಹಾಕಲು ಬರುತ್ತದೆ, ಹೊಸದನ್ನು ಕಲಿಯುವ ತಾಳ್ಮೆ ಇದೆ ಎಂದಾದರೆ ಮಿಂಟನ್ನು ಪೆನ್‌ಡ್ರೈವಿನಿಂದ ನಡೆಸಿ ನೋಡಿ. 4 ಜಿಬಿಗಿಂತ ಹೆಚ್ಚು ಹಾಕಲು ಆಗದಿದ್ದರೆ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾಗಿದೆ, ಆಗ ರಾ ಬಿಟ್ಟು ಜೆಪೆಗ್ಗಿನಲ್ಲಿ ಕೆಲಸ ಮಾಡಿ. ಯಾವುದನ್ನು ಆರಿಸಿದರೂ ಮೊದಲು ಕೆಲಸದ ಪಟ್ಟಿ ಬರೆಯಿರಿ. ಆ ಪಟ್ಟಿಯ ಮೇಲೆ ಒಂದು ಸಾಲು ಖಾಲಿ ಬಿಡಿ. ಲ್ಯಾಪ್‌ಟಾಪಿನೊಳಗೆ ಇರುವುದು ಯಾರದು ಎಂದು ಅಲ್ಲಿ ಬರೆಯಿರಿ.

ಆ ವಧುವಿನ ಆಲ್ಬಮ್ ಜನವರಿಯಲ್ಲಿ ಕೊಟ್ಟೆವು. ಹೂವಿನ ಚೌಕಟ್ಟು ಇರಲಿಲ್ಲ. ಮೊದಲ ಪುಟದಲ್ಲಿ ಹೆಸರುಗಳು ಉರ್ದುವಿನಲ್ಲೂ ಕನ್ನಡದಲ್ಲೂ ಇದ್ದವು. ಅಕ್ಷರ ಜೋಡಿಸಿದ್ದು ನಾನು, ಆ ಒಂದು ಪುಟ ಮಾತ್ರ ನಾನು ನೋಡಿದ್ದೇನೆ. ಖಾಲಾ ಆಲ್ಬಮ್ ತೆಗೆದುಕೊಂಡು, ಉಳಿದ ಫೋಟೋಗಳು ಎಲ್ಲಿವೆ ಎಂದು ಕೇಳಿದರು. ಆಪಾ ಲ್ಯಾಪ್‌ಟಾಪ್ ತೆರೆದು, ಪಾಸ್‌ವರ್ಡ್ ಕೇಳುತ್ತಿರುವ ಪರದೆಯನ್ನು ಅವರಿಗೆ ತೋರಿಸಿದರು.